ಅತ್ತೆಯನ್ನು ಅಳಿಸಿದ ಗಿಟಾರು

ರಾಕ್ ಗಿಟಾರ್ ವಾದಕನಾಗಿ ಹೆಸರು ಮಾಡಬೇಕೆಂಬ ಆಸೆ ನಲವತ್ತು ದಾಟಿದ ಮೇಲೆ ಯಾರಿಗೂ ಉಳಿಯಬಾರದು. ನನಗೆ ಉಳಿದಿದೆ, ಬೆಳಗ್ಗೆ ಏಳುವಾಗ ಮೊಣಕಾಲು ನೋವಿನ ಜೊತೆಗೇ ಕಾಣಿಸಿಕೊಳ್ಳುತ್ತದೆ. ಹೆಂಡತಿ ಸುಧಾಳನ್ನು ಬ್ಯಾಂಕಿನವರು ತಿರುವನಂತಪುರಕ್ಕೆ ವರ್ಗ ಮಾಡಿದಾಗ ಮೈಸೂರಿನ ನನ್ನ ಬ್ಯಾಂಡು ಬಿಟ್ಟು ನಾನೂ ಬಂದೆ. ನಾನಿಲ್ಲದೆ ಬ್ಯಾಂಡು ಮುಳುಗುತ್ತದೆ ಎಂದುಕೊಂಡಿದ್ದೆ. ಅದು ಹೆಸರು ಮಾಡಿದ್ದೇ ನಾನು ಬಿಟ್ಟ ಮೇಲೆ. ಈಗ ಆಗಾಗ ರೈಲು ಹತ್ತಿ ಕೊಚ್ಚಿಗೆ ಹೋಗುತ್ತೇನೆ. ಫೋರ್ಟ್ ಕೊಚ್ಚಿಯ ಹೋಟೆಲಿನಲ್ಲಿ ಮೀನಿನ ಮುಳ್ಳು ತೆಗೆಯುವುದರಲ್ಲಿ ಮುಳುಗಿದ ಪ್ರವಾಸಿಗಳಿಗೆ ನುಡಿಸುತ್ತೇನೆ, ಇಲ್ಲವೇ ಸ್ಟುಡಿಯೋದಲ್ಲಿ ಬೇರೆಯವರ ಹಾಡುಗಳಿಗೆ ಬೆರಳು ಬಾಡಿಗೆಗೆ ಕೊಡುತ್ತೇನೆ. ಮೈಸೂರಿನಲ್ಲಿರುವ ನಮ್ಮ ಅತ್ತೆ, ಅಳಿಯನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ, “ರೈಲಿನಲ್ಲಿ ಓಡಾಡೋ ಕೆಲಸ” ಎಂದುಬಿಡುತ್ತಾರೆ.

ಕಳೆದ ವರ್ಷ ಒಂದು ಸಿನಿಮಾ ಹಾಡಿನ ನಡುವೆ ನಾನೊಬ್ಬನೇ ನುಡಿಸುವ ಅವಕಾಶ ಸಿಕ್ಕಿತು. ಮೀಸೆ ಇನ್ನೂ ಸರಿಯಾಗಿ ಬಾರದ ಸಂಗೀತ ನಿರ್ದೇಶಕ, “ಚೇಟ್ಟಾ, ಪೊಳಿಚ್ಚು!” ಎಂದು ನನ್ನನ್ನು ತಬ್ಬಿಕೊಂಡ. ಅಣ್ಣಾ, ಅದ್ಭುತ ಎಂಬುದಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಅಪ್ಪುಗೆಯನ್ನು ನಂಬಿ ನಾನು ನೆಂಟರಿಗೆಲ್ಲ ಫೋನು ಮಾಡಿದೆ, ಅತ್ತೆಗೂ.

ಸಿನಿಮಾ ಬಿಡುಗಡೆಯಾದ ದಿನ ಸುಧಾಳನ್ನೂ ಮಗಳನ್ನೂ ಥಿಯೇಟರಿಗೆ ಕರೆದುಕೊಂಡು ಹೋದೆ. ಹಾಡು ಬಂತು. ನನ್ನ ಜಾಗವೂ ಬಂತು. ಅಷ್ಟರಲ್ಲಿ ನಾಯಕ ವಲ್ಲಾರ್ಪಾಡಂ ಬಂದರಿನ ಕಂಟೇನರ್ ಲಾರಿಯೊಂದನ್ನು ಹತ್ತಿ, ಹಾರನ್ ಒತ್ತುತ್ತಾ ಖಳನಾಯಕನ ಬೆನ್ನಟ್ಟಿದ. ಲಾರಿಯ ಗದ್ದಲವೆಲ್ಲ ಮುಗಿದ ಮೇಲೆ ಯಾರೋ ನುಡಿಸಿದ ಪಿಟೀಲು ಮಾತ್ರ ಸಣ್ಣಗೆ, ಸ್ಪಷ್ಟವಾಗಿ ಕೇಳಿಸಿತು.

“ಅಪ್ಪಾ, ಎವಿಡೆ? ಕೇಳ್ಕ್ಕುನ್ನಿಲ್ಲಲ್ಲೋ” ಎಂದಳು ಮಗಳು. ಎಲ್ಲಿ, ಕೇಳಿಸುತ್ತಲೇ ಇಲ್ಲವಲ್ಲ ಎಂದು ಅವಳ ಅಳಲು.

ಸುಧಾ ಮೆಲ್ಲಗೆ, “ರೀ, ಹಾರನ್ ಹಿಂದೆ ಏನೋ ಒಂದು ಗುಯ್ ಅಂತಿತ್ತು. ಅದು ನೀವೇ ಇರಬೇಕು” ಎಂದಳು. ಹದಿನಾರನೆಯ ವಯಸ್ಸಿನಿಂದ ಬೆರಳು ತೇಯಿಸಿಕೊಂಡದ್ದು ಒಂದು ಗುಯ್‌ಗಾಗಿ! ಮನೆಗೆ ಬಂದು ಗಿಟಾರನ್ನು ಅಟ್ಟಕ್ಕೆ ಹಾಕಿದೆ. ಊಟ ಸೇರಲಿಲ್ಲ. ಎರಡು ಬಾರಿ ಕೊಚ್ಚಿಯಿಂದ ಕರೆ ಬಂದರೂ ಹೋಗಲಿಲ್ಲ.

ಆಗ ಅತ್ತೆಯ ಫೋನು ಬಂತು. ಪಕ್ಕದ ಮನೆಯವರ ಮೊಬೈಲಿನಲ್ಲಿ ಆ ಹಾಡು ನೋಡಿದ್ದರಂತೆ. ಅಳುತ್ತಲೇ ಮಾತಿಗಿಳಿದರು. “ಅಳಿಯಂದ್ರೇ, ನಾನು ಇಷ್ಟು ದಿನ ನಿಮ್ಮನ್ನ ಏನೇನೋ ಅಂದುಬಿಟ್ಟೆ. ಆ ಲಾರಿ ಹೋದ್ಮೇಲೆ ಬರುತ್ತಲ್ಲ, ಒಬ್ಬರೇ ಕೂತು ಅತ್ತ ಹಾಗೆ... ಅದು ನೀವೇ ತಾನೆ?”

ಅಲ್ಲ ಎನ್ನಲು ಬಾಯಿ ತೆರೆದೆ. ಮದುವೆಯಾದಂದಿನಿಂದ ಆಕೆ ನನ್ನನ್ನು ಹೊಗಳಿದ್ದು ಇದೇ ಮೊದಲು. “ಹೂಂ ಅತ್ತೆ, ನಾನೇ” ಎಂದೆ. “ಹಾಗಾದ್ರೆ ದಸರಾಕ್ಕೆ ಬರ್ತಾ ಆ ಪಿಟೀಲನ್ನೂ ತನ್ನಿ. ನಮ್ಮ ಭಜನಾ ಮಂಡಳಿಯವರ ಮುಂದೆ ಒಂದ್ಸಲ ನುಡಿಸುವಿರಂತೆ” ಎಂದರು. ಪಕ್ಕದಲ್ಲಿದ್ದ ಸುಧಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೀಗಾಗಿ ಈಗ ದಿನಾ ಸಂಜೆ ಚಾಲೈ ಸಂತೆಬೀದಿಯ ಹಿಂದಿರುವ ಮುದುಕ ಮಾಸ್ತರೊಬ್ಬರಲ್ಲಿ ಪಿಟೀಲು ಕಲಿಯುತ್ತಿದ್ದೇನೆ. ಅವರಿಗೆ ನನ್ನ ಪೂರ್ವಾಶ್ರಮ ಗೊತ್ತಿಲ್ಲ. ಮೊನ್ನೆ ನನ್ನ ಕಮಾನು ತಂತಿಯ ಮೇಲೆ ಕಿರುಚಿದ್ದನ್ನು ಕೇಳಿ, ಕಿವಿಯಿಂದ ಕೈ ತೆಗೆದು, ತುಂಬ ಕನಿಕರದಿಂದ, ಮಗನಿಗೆ ಹೇಳುವಂತೆ ಹೇಳಿದರು: “ಮೋನೇ, ನಿನಗೆ ಇದು ಒಗ್ಗುವುದಿಲ್ಲ. ಸುಮ್ಮನೆ ಒಂದು ಗಿಟಾರು ಕೊಂಡುಕೋ.”