ಥೇಮ್ಸ್ ನದಿಯಲ್ಲಿ ದೃಷ್ಟಿ ತೆಗೆದ ಪ್ರಸಂಗ

ಇಂಗ್ಲೆಂಡಿನ ನದಿಗಳಿಗೆ ಅಗಲ ಸಾಲದು ಎಂಬುದು ಬ್ಯಾಡಗಿಯ ಮೆಣಸಿನಕಾಯಿ ದಲಾಲರಾದ ವಿರೂಪಾಕ್ಷಪ್ಪನವರ ಖಚಿತ ಅಭಿಪ್ರಾಯ. ಗಳಗನಾಥದಲ್ಲಿ ವರದೆ ಬಂದು ತುಂಗಭದ್ರೆಯನ್ನು ಸೇರುವುದನ್ನು ಕಂಡವರು ಅವರು. ಅಂಥವರಿಗೆ ಥೇಮ್ಸ್ ಎಂಬ ಕಾಲುವೆಯನ್ನು ತೋರಿಸಿ, ಅರವತ್ತು ಅಡಿ ಉದ್ದ, ಏಳೇ ಅಡಿ ಅಗಲದ ಕಬ್ಬಿಣದ ದೋಣಿಯನ್ನು ನಡೆಸಿರಿ ಎಂದರೆ ಅದು ದಡಕ್ಕೆ ಬಡಿಯದೆ ಇನ್ನೇನು ಮಾಡೀತು? ಮೂರು ದಿನಗಳಲ್ಲಿ ಹನ್ನೊಂದು ಸಲ ಬಡಿದಿತ್ತು. ತಪ್ಪು ನದಿಯದು.

ಇಷ್ಟಕ್ಕೂ ಈ ಸಾಹಸ ಹುಟ್ಟಿದ್ದು ರಾಣೇಬೆನ್ನೂರಿನಲ್ಲಿ, ಹೆಂಡತಿ ಪ್ರೇಮವ್ವನ ತಮ್ಮ ಶಂಭುಲಿಂಗನ ಮನೆಯ ಊಟದ ಪಂಕ್ತಿಯಲ್ಲಿ. ಅಡುಗೆಮನೆ, ಮಂಚ, ಬಚ್ಚಲು ಎಲ್ಲವೂ ಇರುವ ದೋಣಿಯನ್ನು ಬಾಡಿಗೆಗೆ ಹಿಡಿದು ವಾರಗಟ್ಟಲೆ ನದಿಯ ಮೇಲೆ ತಿರುಗಬಹುದು, ಲೈಸೆನ್ಸೂ ಬೇಕಿಲ್ಲ ಎಂದು ವಿರೂಪಾಕ್ಷಪ್ಪನವರು ಮೊಬೈಲಿನಲ್ಲಿ ಕಂಡದ್ದನ್ನು ಬಣ್ಣಿಸುತ್ತಿದ್ದರು. ಬೀಜದ ಅಂಗಡಿಯ ಶಂಭುಲಿಂಗ ನಕ್ಕುಬಿಟ್ಟ.

"ಮಾವಾರ, ಹಾವೇರಿ ಬಸ್ ಸ್ಟ್ಯಾಂಡ್ ಮುಂದ ಕಾರು ರಿವರ್ಸ್ ತಗೊಳ್ಳಾಕ ನಿಮಗ ಇಬ್ರು ಪೊಲೀಸ್ರು, ಒಬ್ಬ ಬಾಳಿಹಣ್ಣಿನಾಂವ ಬೇಕು. ನೀವು ದೋಣಿ ನಡಸ್ತೀರಾ?"

"ಏಳು ದಿನ ನಾನೊಬ್ಬನ ನಡಸ್ತೀನಿ! ಚುಕ್ಕಾಣಿಗೆ ಇನ್ನೊಬ್ರ ಕೈ ಹತ್ತಿದ್ರ, ಕಾರಿನ ಕೀಲಿ ನಿಮ್ಮಕ್ಕನ ಕೈಗೆ. ಖಾಯಂ!"

ಪಂಕ್ತಿಯಲ್ಲಿದ್ದವರೆಲ್ಲ ಪ್ರೇಮವ್ವನ ಕಡೆ ತಿರುಗಿದರು. ಪ್ರೇಮವ್ವ ಲೈಸೆನ್ಸ್ ಪಡೆದು ಎರಡು ವರ್ಷವಾಗಿತ್ತು. ಅಗಡಿಯಲ್ಲಿರುವ ಗೆಳತಿ ಸೋಮವ್ವನ ಮನೆಗೆ ಒಬ್ಬಳೇ ಕಾರು ಓಡಿಸಿಕೊಂಡು ಹೋಗಬೇಕೆಂಬುದು ಆಕೆಯ ಒಂದೇ ಆಸೆ. ರಸ್ತೆ ಸರಿಯಿಲ್ಲ ಎಂದು ಯಜಮಾನರು ಕೀಲಿ ಕೊಟ್ಟಿರಲಿಲ್ಲ. (ರಸ್ತೆ ಸರಿಯಾದ ಮೇಲೆ ಎದುರಿಗೆ ಬರುವವರು ಸರಿಯಿಲ್ಲ ಎಂದರು.) ಪ್ರೇಮವ್ವ ಮನೆಗೆ ಬಂದವಳೇ ಬ್ಯಾಗು ತುಂಬತೊಡಗಿದಳು.

ಥೇಮ್ಸಿನಲ್ಲಿ ಮುಖ್ಯ ತಕರಾರು ಚುಕ್ಕಾಣಿಯದು. ದೋಣಿಯ ಹಿಂತುದಿಯಲ್ಲಿ ನಿಂತು ಚುಕ್ಕಾಣಿಯ ಉದ್ದ ಕೋಲನ್ನು ಬಲಕ್ಕೆ ದೂಡಿದರೆ ದೋಣಿಯ ಮೂತಿ ಎಡಕ್ಕೆ ಹೊರಳುತ್ತದೆ. ದೋಣಿ ಕೊಟ್ಟವನು ಇದನ್ನು ಮೂರು ಸಲ ತೋರಿಸಿದ್ದ. ಪ್ರೇಮವ್ವನಿಗೆ ಮೊದಲ ಸಲವೇ ತಿಳಿಯಿತು.

"ಎಡಕ್ಕ ಹೋಗ್ಬೇಕಂದ್ರ ಬಲಕ್ಕ ದೂಡ್ರಿ ಅಂತ ಅಂವ ಹೇಳಿದ್ನಲ್ರಿ."

"ನಲ್ವತ್ತು ವರ್ಷ ಟ್ರ್ಯಾಕ್ಟರ್ ಹೊಡದೇನಿ. ಎಡಕ್ಕ ಅಂದ್ರ ಎಡಕ್ಕ! ಇವರ ದೋಣಿ ಉಲ್ಟಾ ಐತಿ ಅಂತ ನಾ ಯಾಕ ಉಲ್ಟಾ ಆಗ್ಲಿ?"

ಹೀಗೆ ಅವರು ಉಲ್ಟಾ ಆಗಲಿಲ್ಲ. ಮೀನು ಹಿಡಿಯುತ್ತಿದ್ದ ಇಬ್ಬರ ಗಾಳಗಳು ದೋಣಿಯೊಂದಿಗೆ ಅರ್ಧ ಮೈಲಿ ಪ್ರಯಾಣ ಮಾಡಿದವು. ಇನ್ನೊಮ್ಮೆ ದೋಣಿ ನದಿಗೆ ಅಡ್ಡಲಾಗಿ ಸಿಕ್ಕಿಕೊಂಡು, ಹಿಂದೆ ನಾಲ್ಕು ದೋಣಿ, ಮುಂದೆ ಹದಿನೆಂಟು ಬಾತುಕೋಳಿ ನಿಂತವು. ಮೂರನೆಯ ದಿನ ಹಗ್ಗ ಹಿಡಿದು ದಡಕ್ಕೆ ಹಾರುವಾಗ ಅವರ ಕನ್ನಡಕ ಥೇಮ್ಸಿನ ಪಾಲಾಯಿತು. ಆದರೂ ಕೋಲನ್ನು ಬಿಡಲಿಲ್ಲ.

ನಾಲ್ಕನೆಯ ದಿನ ಗುರುವಾರ. ಆಕ್ಸ್‌ಫರ್ಡ್ ದಾಟಿ ಒಂದು ಲಾಕಿನ ಮುಂದೆ ದೋಣಿ ಕಟ್ಟಿ ಸರದಿಗಾಗಿ ಕಾಯುತ್ತಿದ್ದರು. (ಲಾಕ್ ಎಂದರೆ ನದಿಯ ಮೆಟ್ಟಿಲು. ಎರಡು ಕಡೆ ಬಾಗಿಲಿರುವ ಕಲ್ಲಿನ ತೊಟ್ಟಿಯೊಳಗೆ ದೋಣಿ ನಿಲ್ಲಿಸಿ, ನೀರಿಳಿಸಿ, ದೋಣಿಯನ್ನೂ ಇಳಿಸುತ್ತಾರೆ.) ಆಗ ವಿರೂಪಾಕ್ಷಪ್ಪನವರಿಗೆ ಜ್ಞಾನೋದಯವಾಯಿತು.

"ಪ್ರೇಮಾ, ನಂದೇನೂ ತಪ್ಪಿಲ್ಲ. ದೃಷ್ಟಿ ಆಗೈತಿ! ನಮ್ಮ ಹಿಂದ ನಿಂತಾನಲ್ಲ, ಆ ಬಿಳಿ ದೋಣಿಯಾಂವ ಮೊನ್ನೆ ನಮ್ಮ ದೋಣಿ ನೋಡಿ ಬ್ಯೂಟಿಫುಲ್ ಅಂದ. ಅವತ್ತಿಂದ ಶುರು ಆತು."

"ಅಂವ ಅನ್ನೂಕಿಂತ ಮೊದಲ ಐದು ಸಲ ಬಡದಿತ್ತಲ್ರಿ."

"ದೂರದಿಂದ ನೋಡಿರ್ತಾನ!"

ದೃಷ್ಟಿಯ ಶಾಸ್ತ್ರ ಎಲ್ಲರಿಗೂ ಗೊತ್ತು. ಉಪ್ಪು, ಒಣಮೆಣಸಿನಕಾಯಿ ಇಳಿ ತೆಗೆದು ಬೆಂಕಿಗೆ ಹಾಕಬೇಕು. ಘಾಟು ಬರದಿದ್ದರೆ ದೃಷ್ಟಿ ಆಗಿತ್ತೆಂದು ಲೆಕ್ಕ. ಘಾಟು ಬಂದರೆ ಆಗಿರಲೇ ಇಲ್ಲ. ಇಲ್ಲಿ ವಿರೂಪಾಕ್ಷಪ್ಪನವರದೊಂದು ಒಳಸಂಚೂ ಇತ್ತು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅಂಥ ಕಾಯಿ ನಾಲ್ಕು ಸುಟ್ಟರೆ ಎಷ್ಟು ಘಾಟು ಬಂದೀತು? ದೃಷ್ಟಿ ಸಾಬೀತು, ಡ್ರೈವರ್ ನಿರ್ದೋಷಿ.

"ಮಾಡೂದಾದ್ರ ದಂಡಿ ಮ್ಯಾಲೆ ಮಾಡ್ರಿ," ಎಂದಳು ಪ್ರೇಮವ್ವ.

"ಹೊರಗ ಮಾಡಿದ್ರ, ಘಾಟು ಗಾಳಿಗೆ ಹಾರಿ ಹೋತು ಅಂತ ನಿನ್ನ ತಮ್ಮ ತಕರಾರು ತಗೀತಾನ. ಒಳಗ ಆಗ್ಬೇಕು, ಕಿಡಕಿ ಹಾಕ್ಕೊಂಡು!"

ಬ್ಯಾಗಿಗೆ ಕೈಹಾಕಿ ಒಂದು ಹಿಡಿ ಮೆಣಸಿನಕಾಯಿ ತೆಗೆದರು.

"ಏನ್ರಿ, ಆ ಕಾಯಿ…"

"ಕಾಯಿ ಬಗ್ಗೆ ನನಗ ಹೇಳಾಕ ಬರಬ್ಯಾಡ! ಕಣ್ಣು ಕಟ್ಟಿದ್ರೂ ಕೈಲೆ ಮುಟ್ಟಿ ಹೇಳ್ತೀನಿ, ಯಾವ ಊರಿನ ಮಾಲು ಅಂತ."

ಪ್ರೇಮವ್ವ ದಂಡೆಗೆ ಹೋಗಿ ಹಗ್ಗದ ಬಳಿ ನಿಂತಳು. ಒಂದು ನಿಮಿಷ ಕಳೆಯಿತು. ದೋಣಿಯೊಳಗಿನ ಹೊಗೆ ಗಂಟೆ ಕಿರುಚತೊಡಗಿತು. ಬಾಗಿಲು ದಡಾರನೆ ತೆರೆದು, ಹೊಗೆಯ ನಡುವಿನಿಂದ ವಿರೂಪಾಕ್ಷಪ್ಪನವರು ಕೆಂಪು ಕಣ್ಣು, ಹರಿವ ಮೂಗುಗಳೊಂದಿಗೆ ಪ್ರತ್ಯಕ್ಷರಾದರು. ದಡದ ಮೇಲಿದ್ದ ಬಿಳಿ ದೋಣಿಯವನು ಕೆಮ್ಮಿದ. ಅವನ ಹೆಂಡತಿ ಕೆಮ್ಮಿದಳು. ನಾಯಿ ಸೀನಿತು. ಇದೇ ಹೊತ್ತಿಗೆ ಲಾಕಿನ ಬಾಗಿಲು ತೆರೆದು, ಕಾವಲುಗಾರ ಮೂಗು ಮುಚ್ಚಿಕೊಂಡು ಬನ್ನಿ ಬನ್ನಿ ಎಂದು ಕೈಬೀಸಿದ.

ಪ್ರೇಮವ್ವ ಹಗ್ಗ ಬಿಚ್ಚಿ ಹತ್ತಿದಳು. ವಿರೂಪಾಕ್ಷಪ್ಪನವರು ಕೋಲು ಹಿಡಿದರು. ದೋಣಿ ನೇರ ಕಲ್ಲುಗೋಡೆಯತ್ತ ಹೊರಟಿತು.

"ಕೋಲು ಬಿಡ್ರಿ!"

"ಬಿಡಂಗಿಲ್ಲ!"

"ಏನರ ಕಾಣ್ತೈತೇನು ನಿಮಗ?"

"ಎಲ್ಲಾ ಕಾಣ್ತೈತಿ!" ಎಂದರು, ಒಂದು ಮರದ ಕಡೆ ತಿರುಗಿ. ಆಮೇಲೆ ಸೀನು ಶುರುವಾಯಿತು. ಆರು ಸೀನುಗಳನ್ನು ಅವರು ಕೋಲು ಬಿಡದೆ ಸೀನಿದರು. ಏಳನೆಯದಕ್ಕೆ ಎರಡೂ ಕೈ ಮೂಗಿಗೆ ಹೋದವು. ಪ್ರೇಮವ್ವ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಕೋಲನ್ನು ಬಲಕ್ಕೆ ದೂಡಿದಳು. ಮೂತಿ ಎಡಕ್ಕೆ ಹೊರಳಿತು. ಅರವತ್ತು ಅಡಿ ದೋಣಿ ಯಾವ ಗೋಡೆಯನ್ನೂ ಮುಟ್ಟದೆ ಲಾಕಿನೊಳಗೆ ಹೋಗಿ ನಿಂತಿತು. ಕಾವಲುಗಾರ ಕೆಮ್ಮುತ್ತಲೇ ಚಪ್ಪಾಳೆ ತಟ್ಟಿದ.

ವಿರೂಪಾಕ್ಷಪ್ಪನವರಿಗೆ ಸಿಟ್ಟು ಬಂತು, ನಾಚಿಕೆಯಾಯಿತು, ಇಷ್ಟು ಚೆಂದ ನಡೆಸುತ್ತಾಳಲ್ಲ ಎಂದು ಒಳಗೊಳಗೇ ಸಂತೋಷವೂ ಆಯಿತು. ಮೂರನೆಯದನ್ನು ಕೂಡಲೇ ಅದುಮಿದರು. ಅಷ್ಟರಲ್ಲಿ ಶಂಭುಲಿಂಗನ ವಿಡಿಯೋ ಕಾಲ್ ಬಂತು. ದಿನದ ವರದಿಯ ಹೊತ್ತು ಅದು.

"ಮಾವಾರ, ಕೋಲು ಅಕ್ಕನ ಕೈಯಾಗ ಐತೆಲ್ಲ! ನೀವ್ಯಾಕ ಅಳಾಕತ್ತೀರಿ?"

"ಅಳಾಕತ್ತಿಲ್ಲೋ. ದೃಷ್ಟಿ ತಗದೆ. ಘಾಟು."

"ಘಾಟು ಬಂತಾ? ಹಂಗಾರ ದೃಷ್ಟಿ ಆಗಿದ್ದಿಲ್ಲ ಬಿಡ್ರಿ. ಡ್ರೈವಿಂಗ ಹಂಗ."

"ಬ್ಯಾಡಗಿ ಕಾಯಿಗೆ ಇಷ್ಟು ಘಾಟು ಇರೂದ ಇಲ್ಲ! ಇದರಾಗ ಏನೋ ಮೋಸ ಐತಿ!"

"ಅವು ಗುಂಟೂರು ಕಾಯಿರಿ," ಎಂದಳು ಪ್ರೇಮವ್ವ, ಕೋಲಿನಿಂದ ಕೈ ತೆಗೆಯದೆ. "ಈ ಥಂಡ್ಯಾಗ ಸಾರಿಗೆ ಖಾರ ಬೇಕಂತ ತಂದಿದ್ದೆ. ಹೇಳಾಕ ಬಂದೆ, ನೀವು ಬಿಡ್ಲಿಲ್ಲ."

ವಿರೂಪಾಕ್ಷಪ್ಪನವರ ಮುಖದ ಕೆಂಪು ಇಳಿದುಹೋಯಿತು. ನಲವತ್ತು ವರ್ಷ ರಾಶಿಗೆ ಕೈಯಿಟ್ಟು, ಚೀಲದಲ್ಲಿ ಒಂದೇ ಒಂದು ಬೆರಕೆ ಕಾಯಿ ಇದ್ದರೂ ಎತ್ತಿ ರೈತರ ಮುಂದೆ ಹಿಡಿದವರು ಅವರು. ಫೋನನ್ನು ಬಾಯಿಗೆ ಹತ್ತಿರ ತಂದು, ದನಿ ತಗ್ಗಿಸಿದರು.

"ಶಂಭು, ಸೋತೆ. ಕಾರಿನ ಕೀಲಿ ನಿಮ್ಮಕ್ಕಗ. ಅಗಡಿಗರ ಹೋಗ್ಲಿ, ದಿಲ್ಲಿಗರ ಹೋಗ್ಲಿ. ಆದ್ರ ನನಗ ಗುಂಟೂರು ಕಾಯಿ ಗುರುತು ಸಿಗ್ಲಿಲ್ಲ ಅನ್ನೂದು ಬ್ಯಾಡಗಿ ಮಾರ್ಕೆಟ್ ಯಾರ್ಡಿನ್ಯಾಗ ಯಾರಿಗೂ ಗೊತ್ತಾಗಬಾರ್ದು. ಆಣಿ ಮಾಡು."

ಪರದೆಯಲ್ಲಿ ಶಂಭುಲಿಂಗ ತಲೆ ಕೆರೆದುಕೊಂಡ.

"ಮಾವಾರ, ನಾ ರಾಣೇಬೆನ್ನೂರಾಗ ಇಲ್ರಿ. ಇವತ್ತು ಗುರುವಾರ ಅಲ್ರಿ, ಬ್ಯಾಡಗಿಗೆ ಸಂತಿ ಕೆಲಸಕ್ಕ ಬಂದೇನಿ. ಯಾರ್ಡಿನ್ಯಾಗ ನಿಮ್ಮ ಅಂಗಡಿ ಮುಂದ ನಿಂತೇನಿ. ಎಲ್ಲಾರೂ ಕೇಳ್ಲಿ ಅಂತ ಸ್ಪೀಕರ್ ಹಾಕೇನಿ."

ಫೋನಿನೊಳಗಿಂದ ನಗೆ ಉಕ್ಕಿತು. ಅದರ ನಡುವೆ, ಇಪ್ಪತ್ತು ವರ್ಷದಿಂದ ಅವರ ಚೀಲ ಹೊರುತ್ತಿದ್ದ ಹಮಾಲ ಮಕ್ತುಮಸಾಬನ ದನಿ ಬಹಳ ಮರ್ಯಾದೆಯಿಂದ ಕೇಳಿಸಿತು:

"ಯಜಮಾನ್ರ, ಊರಿಗೆ ಬಂದ ಮ್ಯಾಲೆ ಅವ್ವಾರನ್ನ ಯಾರ್ಡಿಗೂ ಕರ್ಕೊಂಡ್ ಬರ್ರಿ. ಮಾಲು ಅವರು ನೋಡ್ಲಿ. ನೀವು ಕಾರಿನ್ಯಾಗ ಕುಂದ್ರಿ."