ಖಳನಾಯಕರು ತಂದ ಉಂಡೆ

ನಿಧಿ, ಆರುಷ್, ಎದುರು ಕೂತು ಹೇಳಲು ನನಗೆ ನಾಚಿಕೆ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಿಲ್ಲ. ಅನುಮಾನ ನನ್ನ ಹುಟ್ಟುಗುಣ. ಅಂಗಡಿಯ ಬಾಗಿಲು ತಾನಾಗಿ ತೆರೆದರೂ, ತೆರೆದವರು ಯಾರೆಂದು ಹಿಂದೆ ತಿರುಗಿ ನೋಡುವವಳು ನಾನು. ಅಂಥವಳನ್ನು ನಂಬಿ, ನಿಧಿ, “ಅಜ್ಜಿ ಹ್ಞೂಂ ಅಂದ್ರೇನೇ ನಾನು ಕಿರಣ್‌ನ ಮದುವೆ ಆಗೋದು” ಎಂದುಬಿಟ್ಟೆಯಲ್ಲ!

ಕಿರಣ್ ಒಳ್ಳೆಯ ಹುಡುಗ. ತೊಂದರೆಯೆಲ್ಲ ಅವನ ತಾಯಿಯ ತಂದೆಯದು. ಪಾವಗಡದ ಕಡೆಯ ಟೆಂಟಿನಲ್ಲಿ ತೆಲುಗು ಸಿನಿಮಾ ನೋಡುತ್ತ ಬೆಳೆದವಳು ಆ ಮುಖವನ್ನು ಮರೆಯುತ್ತಾಳೆಯೇ? ಮೊದಮೊದಲು ಅವರು ಜಮೀನ್ದಾರನ ಹಿಂದೆ ದೊಣ್ಣೆ ಹಿಡಿದು ನಿಲ್ಲುತ್ತಿದ್ದರು; ಇಂಟರ್ವೆಲ್‌ಗೆ ಮೊದಲೇ ಸಾಯುತ್ತಿದ್ದರು. ಆಮೇಲೆ ಬಡ್ತಿ ಸಿಕ್ಕಿತು. ತಾವೇ ಜಮೀನ್ದಾರರಾಗಿ ಕೊನೆಯ ರೀಲಿನವರೆಗೆ ಬದುಕತೊಡಗಿದರು. ತಂಗಿಯ ಆಸ್ತಿ ನುಂಗಿದರು, ಅಳಿಯನನ್ನು ಬಾವಿಗೆ ತಳ್ಳಿದರು, ಎಷ್ಟು ಜನರ ಹಾಲಿಗೆ ವಿಷ ಬೆರೆಸಿದರೋ! ವಯಸ್ಸಾದ ಮೇಲೆ ಮಂತ್ರಿಯಾಗಿ, ಕೂತಲ್ಲಿಂದಲೇ ಫೋನಿನಲ್ಲಿ ಕೊಲ್ಲಿಸುತ್ತಿದ್ದರು. “ಅದು ಪಾತ್ರ ಕಣೇ” ಎಂದು ನಿಮ್ಮ ತಾತ ನಗುತ್ತಿದ್ದರು. ಇರಬಹುದು. ಆದರೂ ಜೀವಮಾನವೆಲ್ಲ ಮಾಡಿದ ಕೆಲಸ ಕೈಯಲ್ಲಿ ಸ್ವಲ್ಪವಾದರೂ ಉಳಿಯುವುದಿಲ್ಲವೇ?

ಆ ಭಾನುವಾರ ಮದುವೆಯ ಮಾತಿಗೆಂದು ಅವರು ಮಗಳ ಜೊತೆ ಇಲ್ಲೇ ಲಂಡನ್ನಿನ ಸ್ಟ್ಯಾನ್ಮೋರ್‌ನಿಂದ ಕೆಂಟನ್ನಿನ ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ಬಗ್ಗಿ ಶೂ ಬಿಚ್ಚಿ, ನನಗೆ ಕೈಮುಗಿದರು. ಸಿನಿಮಾದಲ್ಲೂ ಮೊದಲು ಹೀಗೇ ಇರುತ್ತಾರೆ. ಅನಂತಪುರದವರಾದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಸ್ಟೀಲ್ ಡಬ್ಬಿ ಮುಂದೆ ಚಾಚಿ, “ಉದ್ದಿನ ಉಂಡೆ. ನಾನೇ ಕಟ್ಟಿದ್ದಮ್ಮಾ, ತಗೊಳ್ಳಿ” ಎಂದರು.

ನಿಧಿ, ನೀನು ಕೈ ಹಾಕುವಷ್ಟರಲ್ಲಿ ನಾನು ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡೆ.

“ಮೊದಲು ನೀವು ತಗೊಳ್ಳಿ.”

“ನಾನು ತಿನ್ನಲ್ಲಮ್ಮಾ.”

ನೋಡಿದಿರಾ! ಆರುಷ್, ನೀನು ನನ್ನ ಕಿವಿಯಲ್ಲಿ, “ಅಜ್ಜಿ, ಡೋಂಟ್ ಬಿ ರೂಡ್” ಎಂದೆ. ನಾನು ಜಗ್ಗಲಿಲ್ಲ. “ತಂದೋರು ತಿನ್ನದೆ ನಾವು ಮುಟ್ಟಲ್ಲ, ನಮ್ಮನೆ ಪದ್ಧತಿ” ಎಂದು, ಇಲ್ಲದ ಪದ್ಧತಿಯೊಂದನ್ನು ಅಲ್ಲೇ ಹುಟ್ಟಿಸಿದೆ.

ಅವರು ಡಬ್ಬಿಗೆ ಕೈ ಹಾಕಿದರು. “ನಾನು ಪ್ರಸಾದ ಕೊಟ್ರೂ ಜನ ಮೂಸಿ ನೋಡ್ತಾರಮ್ಮಾ” ಎಂದು ನಕ್ಕು, ಒಂದು ಉಂಡೆ ತಿಂದರು. ನಾನು ಇನ್ನೂ ಡಬ್ಬಿ ಬಿಡದಿರುವುದನ್ನು ಕಂಡು ಇನ್ನೊಂದನ್ನೂ ತಿಂದರು. “ಸಾಕಾ?”

ಅಡುಗೆಮನೆಯಲ್ಲಿ ನಿಮ್ಮಮ್ಮನ ಜೊತೆ ಮಾತಾಡುತ್ತಿದ್ದ ಅವರ ಮಗಳು ಹೊರಬಂದವಳೇ ಕೂಗಿಕೊಂಡಳು. “ಅಯ್ಯೋ ನಾನ್ನಾ! ಅಷ್ಟೊಂದು ಶುಗರ್ ಇಟ್ಕೊಂಡು ಇದೇನು? ಮೊನ್ನೆ ತಾನೇ ಜಿಪಿ ಡಾಕ್ಟರು ಬೈದಿಲ್ವಾ?”

“ಸುಮ್ನಿರಮ್ಮಾ, ಮೊಮ್ಮಗನ ಮದುವೆ ವಿಷಯ.”

ಅಷ್ಟು ವರ್ಷ ತೆರೆಯ ಮೇಲಿದ್ದೂ ಅವರು ಯಾರಿಗೂ ನಿಜವಾದ ವಿಷ ಕೊಟ್ಟಿರಲಿಲ್ಲ. ನಾನು ನಮ್ಮ ಸೋಫಾದ ಮೇಲೆ ಕೂರಿಸಿಯೇ ಕೊಟ್ಟಿದ್ದೆ, ಅದೂ ಎರಡು ಸಲ. ಅವಸರವಾಗಿ ಒಂದು ಉಂಡೆ ಬಾಯಿಗಿಟ್ಟುಕೊಂಡು, ತುಂಬಿದ ಬಾಯಲ್ಲೇ ಹ್ಞೂಂ ಎಂದೆ. ನಿನ್ನ ಮದುವೆಗೆ ನಾನು ಕೊಟ್ಟ ಒಪ್ಪಿಗೆ ಅಷ್ಟೇ, ನಿಧಿ. ತುಪ್ಪ ಮಾತ್ರ ತುಸು ಹೆಚ್ಚಾಗಿತ್ತು. ಯಾಕೆ ಹಾಕಿದರೋ ಎಂದು ಈಗಲೂ ಯೋಚಿಸುತ್ತೇನೆ.

ಈ ಹಾಳೆಗಳನ್ನು ನಿಮ್ಮ ಪಾಸ್‌ಪೋರ್ಟಿನ ಜೊತೆ ಜೋಪಾನವಾಗಿಡಿ. ಮುಂದೆ ನಿಮ್ಮ ಮಕ್ಕಳು ಸಿನಿಮಾ ನೋಡಿ ಆ ತಾತನನ್ನು ಕೆಟ್ಟವರೆಂದು ಬೈದರೆ, ಮುತ್ತಜ್ಜಿಯ ಕೈಬರಹ ತೋರಿಸಿ.