ಕತ್ತಲೆ ಕೋಣೆಯ ಕೆಂಪು ಗಿಡ

ಲಟಪಟ, ಲಟಪಟ, ಲಟಪಟ. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮಗ್ಗದ ಸದ್ದಿಗೆ ಯಾರೂ ಕಿವಿಗೊಡುವುದಿಲ್ಲ. ಮುನಿಲಕ್ಷ್ಮಮ್ಮನಿಗೆ ಮಾತ್ರ ಅದು ನಿಂತರೆ ಎದೆ ಧಸಕ್ಕೆನ್ನುತ್ತಿತ್ತು. ಕರೆಂಟು ಹೋಗಿದ್ದರೆ ಇಡೀ ಬೀದಿಯೇ ಮೌನ. ತಮ್ಮ ಮನೆಯದೊಂದೇ ನಿಂತಿದ್ದರೆ, ಗಂಡ ಆಂಜಿನಪ್ಪ ಎದ್ದು ಅಂಗಳಕ್ಕೆ ಹೋಗಿದ್ದಾನೆಂದೇ ಅರ್ಥ. ಅಂಗಳದಲ್ಲಿ ಅವಳ ಗಿಡವಿತ್ತು.

ಗಿಡದ ಹೆಸರು ಡ್ರಸೀನ. ಬೆಂಗಳೂರಿನಿಂದ ಬಸ್ಸಿನಲ್ಲಿ, ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ತಂದದ್ದು. ಕೋಲಿನಂಥ ಕಾಂಡ, ತಲೆಯಲ್ಲಿ ಎಳೆ ತೆಂಗಿನಂತೆ ಕೆದರಿದ ಗರಿಗಳು. ಆದರೆ ಆ ಕೆಂಪು ಬಣ್ಣ! ಸಂಜೆಯ ಬಿಸಿಲು ಹಿಂದಿನಿಂದ ಬಿದ್ದಾಗ ಎಲೆಯೊಳಗೆ ಯಾರೋ ದೀಪ ಹಚ್ಚಿಟ್ಟಂತಿರುತ್ತಿತ್ತು. ರಾಜ್ಯೋತ್ಸವಕ್ಕೆ ಮಹಿಳಾ ಸಮಾಜದವರು ನಡೆಸುವ ಕುಂಡಗಳ ಪ್ರದರ್ಶನದಲ್ಲಿ ಪ್ರತಿವರ್ಷ ಬಹುಮಾನ ಹೊಡೆಯುತ್ತಿದ್ದುದು ಎದುರುಮನೆ ಪಾಪಮ್ಮನ ಕ್ರೋಟನ್. ಈ ಸಲ ತನ್ನದೇ ಎಂದು ಮುನಿಲಕ್ಷ್ಮಮ್ಮ ಬೀದಿ ನಲ್ಲಿಯ ಬಳಿ ಸಾರಿಬಿಟ್ಟಿದ್ದಳು. ಅಲ್ಲಿ ಆಡಿದ ಮಾತನ್ನು ಹಿಂತೆಗೆದುಕೊಂಡು ಆ ಬೀದಿಯಲ್ಲಿ ಬಾಳುವುದು ಕಷ್ಟ.

ಆಂಜಿನಪ್ಪನ ಕಣ್ಣು ಬಿದ್ದದ್ದೂ ಆ ಬಣ್ಣದ ಮೇಲೆಯೇ.

“ರಾಣಿ ಕಲರ್ರೂ ಅಲ್ಲ, ಬೀಟ್ರೂಟೂ ಅಲ್ಲ. ಈ ಬಣ್ಣದಲ್ಲಿ ಸೀರೆ ನೇಯ್ದ್ರೆ ಚಿಕ್ಕಪೇಟೆ ಸಾವ್ಕಾರ್ರು ಮನೆ ಬಾಗ್ಲಿಗೆ ಬರ್ತಾರೆ ಕಣೆ,” ಎಂದು ಒಂದೆಲೆ ಕಿತ್ತು, ನೂಲಿಗೆ ಬಣ್ಣ ಹಾಕುವ ಸೊಣ್ಣಪ್ಪನಿಗೆ ಮಾದರಿ ಕೊಟ್ಟ. ಬಣ್ಣದ ಹಂಡೆಯ ಕಾವಿಗೆ ಎಲೆ ಬಾಡಿ ಕಂದಿತು. ನೂಲಿನ ಬಣ್ಣ ಹೊಂದಲಿಲ್ಲ. ಇನ್ನೊಂದೆಲೆ ಹೋಯಿತು. ಅದೂ ಬಾಡಿತು.

“ರೀ, ಅದೇನು ವೀಳ್ಯದೆಲೆ ಬಳ್ಳೀನಾ, ಬಂದ್ ಬಂದ್ ಕೀಳಕ್ಕೆ?”

“ಒಂದೇ ಒಂದು ಕಣೆ. ಸೊಣ್ಣಪ್ಪಂಗೆ ಅಂಚಿನ ಬಣ್ಣ ಸಿಗ್ತಿಲ್ಲ.”

“ನಿಮ್ಮ ಸೊಣ್ಣಪ್ಪಂಗೆ ನನ್ನ ತಲೆಕೂದ್ಲು ಕಿತ್ಕೊಡಿ!”

“ಅದು ನರೆತೋಗಿದೆ. ಅವ್ನಿಗೆ ಕೆಂಪ್ ಬೇಕು.”

ಮುನಿಲಕ್ಷ್ಮಮ್ಮ ರಾಜತಂತ್ರಕ್ಕಿಳಿದಳು. ಅವಳು ಹುಟ್ಟಿದ್ದೂ ನೇಕಾರರ ಮನೆಯಲ್ಲೇ. ಬಣ್ಣ ಹಾಕಿದ ರೇಷ್ಮೆ ಬಿಸಿಲಲ್ಲಿದ್ದರೆ ಮಾಸುತ್ತದೆ, ಕತ್ತಲಲ್ಲಿದ್ದರೆ ಹಾಗೇ ಉಳಿಯುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಿತ್ತಲ ಕಡೆಯ ಕೋಣೆಯ ಕಿಟಕಿಗೆ ಗೋಣಿ ಕಟ್ಟಿ, ಅಲ್ಲಿ ಗಿಡವನ್ನು ಬಚ್ಚಿಟ್ಟು, ಮೇಲೊಂದು ಹಳೇ ಸೀರೆ ಹೊದಿಸಿದಳು. ಗಂಡನಿಗೆ, ತಂಗಿಯ ಮನೆಗೆ ಕಳಿಸಿದ್ದೇನೆಂದಳು. ತಿಂಗಳುಗಟ್ಟಲೆ ದಿನವೂ ಕತ್ತಲಲ್ಲೇ ತಡವಿ ನೀರು ಹಾಕುತ್ತಿದ್ದಳು. (ಲೈಟು ಹಾಕಿದರೆ ಬಣ್ಣ ಹೋದೀತಲ್ಲ!) ಹಳೆಯ ಎಲೆ ಉದುರಿದ ಜಾಗದ ಮೇಲೆ ಹೊಸ ಎಲೆ ಮೆತ್ತಗೆ ಕೈಗೆ ತಗುಲಿದಾಗ ಅವಳ ಕಣ್ಣು ತುಂಬಿ ಬರುತ್ತಿತ್ತು.

ಪ್ರದರ್ಶನದ ಬೆಳಿಗ್ಗೆ ಕುಂಡವನ್ನು ಅಂಗಳಕ್ಕೆ ತಂದು ಹೊದಿಕೆ ಎಳೆದಳು.

ತಲೆ ತುಂಬ ಗರಿ. ಅಷ್ಟೂ ಹಸಿರು. ಕೆಂಪಿನ ಒಂದು ಗೆರೆಯೂ ಇಲ್ಲದ ಸಪ್ಪೆ ಹಸಿರು.

ಅವಳು ಗರಿಗಳನ್ನು ಒಂದೊಂದಾಗಿ ತಿರುವಿ ನೋಡಿದಳು; ರೇಷ್ಮೆಯ ಬಣ್ಣ ತೆಗೆಯುವ ಬಿಸಿಲೇ ಗಿಡಕ್ಕೆ ಬಣ್ಣ ಕೊಡುವುದೆಂದು ಈಗ ಹೊಳೆಯಿತು. ಅಷ್ಟರಲ್ಲಿ ಆಂಜಿನಪ್ಪ ಹೊಸ ಸೀರೆಯೊಂದನ್ನು ಹಿಡಿದು ಬಂದ. ಗಿಡ ಬಚ್ಚಿಡುವ ಮೊದಲು ಕಿತ್ತಿದ್ದ ಕೊನೆಯ ಎಲೆಯಿಂದ ಸೊಣ್ಣಪ್ಪ ಬಣ್ಣ ಗೆದ್ದಿದ್ದ.

“ತಗೋ. ಮಗ್ಗದಿಂದ ಇಳಿದಿದ್ರಲ್ಲಿ ಮೊದಲ್ನೇದು ನಿಂಗೇ.”

ಅವಳ ಗಿಡದ ಬಣ್ಣ ಅಂಚಿನ ಸಮೇತ ಅವನ ಕೈಯಲ್ಲಿತ್ತು. ಹೋಗದಿದ್ದರೆ ಪಾಪಮ್ಮ ನಗುತ್ತಾಳೆ. ಆ ಸೀರೆಯುಟ್ಟು, ಆ ಕುಂಡ ಹೊತ್ತು ಹೋದಳು. ಆಂಜಿನಪ್ಪನೂ ಹಿಂದೆಯೇ ಹೊರಟ.

ಪ್ರದರ್ಶನದಲ್ಲಿ ಹೆಂಗಸರು ಮುತ್ತಿಕೊಂಡರು, ಸೀರೆಯ ಸುತ್ತ.

“ಏನ್ ಬಣ್ಣಕ್ಕಾ ಇದು! ಎಲ್ಲಿ ಸಿಗ್ತು?”

“ಈ ಗಿಡದ್ದೇ,” ಎಂದಳು ಮುನಿಲಕ್ಷ್ಮಮ್ಮ.

ಎಲ್ಲರೂ ಹಸಿರು ಗಿಡವನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು. ಪಾಪಮ್ಮ ಮೆಲ್ಲಗೆ ಅವಳ ಕೈ ಹಿಡಿದು, “ರಾತ್ರಿ ನಿದ್ದೆ ಮಾಡಿಲ್ವೇನಮ್ಮಾ?” ಎಂದಳು.

ಬಹುಮಾನ ಕ್ರೋಟನ್ನಿಗೇ ಹೋಯಿತು. ಮುನಿಲಕ್ಷ್ಮಮ್ಮ ಕುಂಡ ಎತ್ತಿಕೊಳ್ಳಲು ಬಗ್ಗುವಾಗ, ಸೀರೆ ಕೇಳಿದವರಿಗೆಲ್ಲ ಮನೆಯ ಗುರುತು ಹೇಳಿ ಮುಗಿಸಿದ ಆಂಜಿನಪ್ಪ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

“ಲೇ, ಇದು ಗಿಳಿ ಹಸ್ರಲ್ಲ, ಪಾಚಿ ಹಸ್ರೂ ಅಲ್ಲ. ಎಂಥ ತಂಪು ನೋಡು! ಸೊಣ್ಣಪ್ಪಂಗೆ ಒಂದೇ ಒಂದು...”

ಅವಳು ಕುಂಡವನ್ನು ಸೊಂಟಕ್ಕೇರಿಸಿಕೊಂಡಳು. ಹೊಸ ಸೆರಗನ್ನು ಬಿಗಿದು ಸಿಕ್ಕಿಸಿ, ತಿರುಗಿ ನೋಡದೆ ಗೇಟಿನತ್ತ ನಡೆಯುತ್ತಲೇ ಅಂದಳು: “ಮುಟ್ಟಿದ್ರೆ ನೋಡಿ! ಇನ್ಮೇಲೆ ಈ ಮನೇಲಿ ನಿಮ್ಗೆ ಎಲೆ ಅಂತ ಬೇಕಾದ್ರೆ, ಊಟದೆಲೆನೂ ನೀವೇ ಹಾಕ್ಕೊಂಡು, ನೀವೇ ಬಡಿಸ್ಕೊಂಡು, ನೀವೇ ಎತ್ಬೇಕು!”